ಅಪ್ಪ ಸ್ಪ್ಯಾನರ್ ಆರಿಸುತ್ತಿದ್ದ ರೀತಿ

ಸಾರಿ ಫ್ರೆಂಡ್ಸ್, ಇಷ್ಟು ಸಣ್ಣ ವಿಷಯಕ್ಕೆ ಪೋಸ್ಟ್ ಹಾಕುತ್ತಿದ್ದೇನೆ. ವಿಮಾನ ರಿಪೇರಿ ಕಲಿಸುವ ನಮ್ಮ ಕಾಲೇಜಿನ ಪುಟ್ಟ ವಿಮಾನದ ಎಂಜಿನ್ ಬಿಚ್ಚಲು ಇಂಚಿನ ಅಳತೆಯ ಸ್ಪ್ಯಾನರ್ ಸೆಟ್ಟನ್ನು ನಾವೇ ಕೊಳ್ಳಬೇಕಂತೆ. ಕೊಳ್ಳಲು ಬಂದ ಅಂಗಡಿಯ ಗ್ರೀಸ್ ವಾಸನೆಗೆ ನಮ್ಮೂರು ಗಂಗಾವತಿ ನೆನಪಾಯಿತು.

ಅಪ್ಪ ರೈಸ್ ಮಿಲ್ಲಿನ ಫಿಟ್ಟರ್. ಹಾಸ್ಟೆಲ್ ರಜೆಯಲ್ಲಿ ನನ್ನನ್ನೂ ಹಾರ್ಡ್‌ವೇರ್ ಅಂಗಡಿಗೆ ಕರೆದೊಯ್ಯುತ್ತಿದ್ದರು. ಜೇಬಿನಿಂದ ಮಿಲ್ಲಿನ ನಟ್ಟು ತೆಗೆದು, ಒಂದೊಂದು ಸ್ಪ್ಯಾನರಿಗೂ ಕೂರಿಸಿ ಅಲ್ಲಾಡಿಸುತ್ತಿದ್ದರು.

“ಪಾನಾ ತಗೊಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?” ಅಂಗಡಿಯವರು ನಗುತ್ತಿದ್ದರು.

“ಸಡ್ಲ ಇದ್ರ ನಟ್ಟಿನ ಮೂಲಿ ತಿಂದ ಹಾಕತೈತ್ರಿ. ಏ ತಂಗಿ, ನೀ ನೋಡವ್ವಾ,” ಎಂದು ಅಪ್ಪ ನನ್ನ ಕೈಗೆ ಕೊಡುತ್ತಿದ್ದರು. ನಾನು ಹೂಂ ಅಂದದ್ದನ್ನೇ ಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ಅದನ್ನು ನಾನೇ ಹಿಡಿದಿರುತ್ತಿದ್ದೆ.

ಇಲ್ಲಿ ಸೆಟ್ಟುಗಳಿಗೆ ಸೀಲ್ ಇದೆ, ಬಿಚ್ಚಿ ನೋಡುವಂತಿಲ್ಲ. ಸೀನಿಯರ್‌ಗಳೇ, ಯಾವುದು ಬಿಗಿಯಾಗಿ ಕೂರುತ್ತದೆ? ಅಂಗಡಿಯಲ್ಲೇ ನಿಂತಿದ್ದೇನೆ, ಬೇಗ ಹೇಳಿ.