ನೇಪಾಳದಲ್ಲಿ ಅಜ್ಜಿಯ ಊಟ

ನಾನು ಚಿಕ್ಕವನಿದ್ದಾಗ, ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಪರದೇಶಕ್ಕೆ ಹೋಗಿದ್ದೆ. ಅಮೃತೂರಿನ ನಮ್ಮ ಸ್ಕೂಲಿನಲ್ಲಿ ಆಗ ಪರದೇಶ ನೋಡಿದವನು ನಾನೊಬ್ಬನೇ. ಹೋದದ್ದು ವಿಮಾನದಲ್ಲಲ್ಲ, ತುಮಕೂರಿನಿಂದ ಹೊರಟ ಯಾತ್ರೆಯ ಬಸ್ಸಿನಲ್ಲಿ. ಕಾಶಿ ಮುಗಿಸಿ ನೇಪಾಳಕ್ಕೆ ಹೊರಟಿದ್ದೆವು. ಅಜ್ಜಿ, ಅಪ್ಪ, ಅಕ್ಕ ಮತ್ತು ನಾನು. ತಾತ ಹಸು ನೋಡಿಕೊಳ್ಳುವ ನೆಪ ಹೇಳಿ ಊರಲ್ಲೇ ಉಳಿದಿದ್ದ. ಅಜ್ಜಿಯ ಪಕ್ಕ ಒಂದು ತಿಂಗಳು ಬಸ್ಸಿನಲ್ಲಿ ಕೂರುವ ಧೈರ್ಯ ಅವನಿಗಿರಲಿಲ್ಲ ಎಂದು ನನ್ನ ಅನುಮಾನ.

ಅಜ್ಜಿಗೆ ಒಂದು ಹಟವಿತ್ತು. ಗುರುತಿಲ್ಲದವರ ಒಲೆಯ ಮೇಲೆ ಬೆಂದದ್ದನ್ನು ಬಾಯಿಗಿಡುತ್ತಿರಲಿಲ್ಲ. ಯಾತ್ರೆಗೆ ಎರಡು ಬಸ್ಸುಗಳಿದ್ದವು. ಮುಂದಿನ ಬಸ್ಸಿನಲ್ಲಿ ನಮ್ಮ ಕಡೆಯ ಅಡುಗೆಯವರು, ಪಾತ್ರೆ, ದಿನಸಿ. ಅವರು ಮಾಡಿದ್ದನ್ನು ಮಾತ್ರ ಅಜ್ಜಿ ಉಣ್ಣುತ್ತಿದ್ದಳು.

ಒಂದು ಮಂಗಳವಾರ, ನೇಪಾಳದ ಬೆಟ್ಟದ ದಾರಿಯಲ್ಲಿ ಎಡವಟ್ಟಾಯಿತು. ಮುಂದಿನ ಬಸ್ಸು ದಾಟಿ ಹೋದ ಮೇಲೆ ಗುಡ್ಡ ಕುಸಿದು ರಸ್ತೆ ಮುಚ್ಚಿಹೋಯಿತು. ಅಡುಗೆಯವರು ಆ ಕಡೆ, ನಾವು ಈ ಕಡೆ. ಹಿಂದಿನ ದಿನ ಸೋಮವಾರದ ಉಪವಾಸ ಮಾಡಿದ್ದ ಅಜ್ಜಿ ಬೆಳಗ್ಗೆಯಿಂದ ಬರೀ ನೀರು ಕುಡಿದು ಕೂತಿದ್ದಳು. ಮಧ್ಯಾಹ್ನ ಬಸ್ಸಿನಿಂದ ಇಳಿಯಲು ಹೋದವಳು ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೇ ಕುಸಿದಳು. ಅವಳ ಕೈ ತಣ್ಣಗಿತ್ತು. ಅಪ್ಪನ ಮುಖ ನೋಡಿ ನನಗೆ ಅಳು ಬಂತು.

ರಸ್ತೆಯ ಮೇಲ್ಗಡೆ ಕೆಮ್ಮಣ್ಣು ಬಳಿದ ಒಂದು ಮನೆಯಿತ್ತು. ಅಲ್ಲಿಂದ ಒಬ್ಬ ಹೆಂಗಸು ಇಳಿದು ಬಂದು, ಏನೂ ಕೇಳದೆ ಅಜ್ಜಿಯ ತೋಳು ಹಿಡಿದು ಎಬ್ಬಿಸಿದಳು. ನಮಗೂ ಬನ್ನಿ ಎಂದು ಕೈ ಬೀಸಿದಳು. ಅವಳ ಮಾತು ನಮಗೆ ತಿಳಿಯದು, ನಮ್ಮದು ಅವಳಿಗೆ ತಿಳಿಯದು. ಜಗಲಿಯಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸಿ, ಪಕ್ಕದ ಮನೆಗೆ ಓಡಿ ಮೊರದಲ್ಲಿ ಅಕ್ಕಿ ತಂದಳು. ಸೌದೆಯ ಹೊಗೆಯ ಜೊತೆ ಅನ್ನ ಬೇಯುವ ಘಮ ಬಂದಾಗ ನಾನು ಬಾಗಿಲ ಕಡೆಗೆ ಸರಿದು ಕೂತೆ.

ಅಕ್ಕನೂ ನಾನೂ ಬಕಾಸುರರ ಹಾಗೆ ತಿಂದೆವು. ಅಜ್ಜಿ ತಟ್ಟೆಯನ್ನು ದೂರ ತಳ್ಳಿದಳು.

“ಅವ್ವಾ, ಎರಡು ತುತ್ತು ಉಣ್ಣವ್ವ. ಹಿಂಗಾದ್ರೆ ನಿನ್ನ ಊರಿಗೆ ಹೆಂಗ್ ಕರ್ಕಂಡ್ ಹೋಗ್ಲಿ?” ಎಂದ ಅಪ್ಪ.

“ಯಾರ್ ಮನೆಯೋ, ಏನ್ ಕತೆಯೋ. ನಂಗ್ ಬ್ಯಾಡ ಬುಡ್ಲಾ,” ಎಂದಳು ಅಜ್ಜಿ.

ಮನೆಯಾಕೆಯ ಮುಖ ಸಣ್ಣದಾಯಿತು. ನನಗೆ ಅಜ್ಜಿಯ ಮೇಲೆ ಸಿಟ್ಟೇ ಬಂತು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಬಾಗಿಲ ಮರೆಯಲ್ಲಿ ಆ ಮನೆಯ ಇಬ್ಬರು ಮಕ್ಕಳು ಊಟಕ್ಕೆ ಕೂತಿದ್ದರು. ಅವರ ತಟ್ಟೆಯಲ್ಲಿ ಅನ್ನವಿರಲಿಲ್ಲ. ಕಂದು ಬಣ್ಣದ, ಹಬೆಯಾಡುವ ಒಂದು ಗುಡ್ಡೆ, ಪಕ್ಕದಲ್ಲಿ ಸೊಪ್ಪಿನ ಸಾರು. ಮುರಿದು, ಅದ್ದಿ, ಅಗಿಯದೆ ಗುಳುಕ್ಕೆಂದು ನುಂಗುತ್ತಿದ್ದರು.

“ಅಜ್ಜೀ, ಬಾ ಇಲ್ಲಿ! ಇವ್ರ ಮನೇಲೂ ಮುದ್ದೆ ಕಣಜ್ಜಿ!” ಎಂದು ಕೂಗಿದೆ.

ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಮನೆಯಾಕೆ ನಾಚಿ, ಓಡಿ ಬಂದು ಅಲ್ಲಿದ್ದ ಮುದ್ದೆಯ ಪಾತ್ರೆಯನ್ನು ಸೆರಗಿನಿಂದ ಮುಚ್ಚಿದಳು. ಅಜ್ಜಿ ಆ ಸೆರಗನ್ನೇ ನೋಡುತ್ತ ನಿಂತಳು. ಆಗ ನಮ್ಮೂರಲ್ಲೂ ಹಾಗೆಯೇ. ನೆಂಟರು ಬಂದರೆ ಅವರಿಗೆ ಅನ್ನ, ಮನೆಯವರಿಗೆ ಒಳಗೆ ಮುದ್ದೆ. ಅಜ್ಜಿಯೇ ಎಷ್ಟೋ ಸಲ ಮುದ್ದೆಯ ಪಾತ್ರೆಯನ್ನು ಮರೆಗೆ ಸರಿಸಿದ್ದನ್ನು ನಾನು ಕಂಡಿದ್ದೆ.

“ಯಾಕವ್ವ ಮುಚ್ಕತೀಯ? ನಾವೂ ರಾಗಿ ತಿನ್ನೋರೇ ಕಣವ್ವ. ನಿನ್ ಮಕ್ಕಳಿಗಿಲ್ಲದ ಅನ್ನಾನ ನಮಗ್ ಇಕ್ಕಿದ್ಯಲ್ಲೇ ತಾಯಿ,” ಎಂದಳು. ಪೂರ್ತಿ ಕನ್ನಡದಲ್ಲೇ. ಆಮೇಲೆ ಆ ಮಕ್ಕಳ ಪಕ್ಕದಲ್ಲೇ ಕೂತು ಕೈ ಚಾಚಿದಳು.

ಮನೆಯಾಕೆ ನಂಬದವಳಂತೆ ಒಮ್ಮೆ ಅಪ್ಪನ ಮುಖ ನೋಡಿ, ನಕ್ಕು, ಬಡಿಸಿದಳು. ಅಜ್ಜಿ ಮುರಿದು, ಅದ್ದಿ, ನುಂಗಿದಳು. “ಒಸಿ ಮೆತ್ತಗಾಗೈತೆ,” ಎಂದು ಕೊಂಕು ತೆಗೆದಳು. ಆದರೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಅಪ್ಪ ಜಗಲಿಗೆ ಹೋಗಿ ಟವೆಲಿನಿಂದ ಕಣ್ಣೊರೆಸಿಕೊಂಡ.

ಸಂಜೆ ದಾರಿ ತೆರವಾಯಿತು. ಹೊರಡುವಾಗ ಅಜ್ಜಿ ಆಕೆಯ ಹಣೆಗೆ ಕುಂಕುಮವಿಟ್ಟು ಕೆನ್ನೆ ಸವರಿದಳು.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಅಲ್ಲಿ ಬಿಟ್ಟು ಬರಬೇಕೆಂಬುದು ನಮ್ಮ ಕಡೆಯ ವಾಡಿಕೆ. ಏನು ಬಿಟ್ಟೆ ಎಂದು ಊರಿನ ಹೆಂಗಸರು ಕೇಳಿದರೆ ಅಜ್ಜಿ, “ಕಾಶೀಲಿ ಬದನೇಕಾಯಿ ಬುಟ್ಟೆ, ನೇಪಾಳದಲ್ಲಿ ಬಿಂಕ ಬುಟ್ಟೆ,” ಎನ್ನುತ್ತಿದ್ದಳು. ಬದನೆಕಾಯಿಯನ್ನು ದೀಪಾವಳಿಯ ಹೊತ್ತಿಗೆ ಮತ್ತೆ ಶುರುಮಾಡಿದಳು, ಅದು ಬೇರೆ ಮಾತು.

ಮಕ್ಕಳೇ, ಹೋದ ವರ್ಷ ನೀವು, ನನ್ನ ಮೊಮ್ಮಕ್ಕಳಿಬ್ಬರು, ಸಿಂಗಪುರಕ್ಕೆ ಹೋದಿರಿ. ತುಮಕೂರಿನ ಮನೆಯಲ್ಲಿ ಕೂತೇ ನಿಮ್ಮಪ್ಪ ಫೋನಿನಲ್ಲಿ ರೂಮು, ಊಟ, ಕಾರು ಎಲ್ಲವನ್ನೂ ಗೊತ್ತುಮಾಡಿದ್ದ. ಒಳ್ಳೆಯದೇ ಆಯಿತು; ನೀವೂ ದಾರಿಯಲ್ಲಿ ಹಸಿದು ಕೂರಬೇಕಿತ್ತೆಂದು ನಾನು ಹೇಳುವುದಿಲ್ಲ. ನೀವು ವಾಪಸು ಬಂದಾಗ, “ಅಲ್ಲಿ ಯಾರ ಮನೇಲಿ ಉಂಡ್ರಿ?” ಎಂದು ಕೇಳಿದೆ. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. “ಅಲ್ಲಿ ನಮಗೆ ಯಾರ್ ಗೊತ್ತು ತಾತ?” ಎಂದಿರಿ.

ನೇಪಾಳದಲ್ಲಿ ನಮಗೂ ಯಾರೂ ಗೊತ್ತಿರಲಿಲ್ಲ.