ಎರಡು ದ್ವೀಪಗಳ ನಡುವೆ ನಾನು ಹಾಕಿದ ಬೇಲಿ

ತನ್ನ ದೇಶದ ಸಚಿವಾಲಯಕ್ಕೆ ಬರೆದ ಆ ಪತ್ರವನ್ನು ಅವಳು ನನಗೆ ತೋರಿಸಿದ್ದು ನಮ್ಮ ವಿಭಾಗದ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಡಲಿ ಅಂತ ಮಾತ್ರ. ನಾನು ಹೆಸರಿನ ಕೆಳಗಿನ ಸಾಲುಗಳನ್ನೂ ಓದಿಬಿಟ್ಟೆ. ನೆರೆಯ ದೇಶಕ್ಕೆ ನಮಗೆ ಸಹಾಯ ಮಾಡುವ ಮನಸ್ಸಿದ್ದಂತೆ ಕಾಣುತ್ತಿಲ್ಲ, ನಮ್ಮ ಕೋರಿಕೆಯನ್ನು ಹಿಂದಕ್ಕೆ ಪಡೆಯುವುದೇ ಮರ್ಯಾದೆ ಎಂದು ಬರೆದಿದ್ದಳು. ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ರಿಂಟರಿನ ಮೇಲೆ ಇಟ್ಟೆ.

ಅವಳು ಕೆರಿಬಿಯನ್ ಸಮುದ್ರದ ಒಂದು ಚಿಕ್ಕ ದ್ವೀಪ ದೇಶದ ಎಂಜಿನಿಯರ್. ಹಿಂದಿನ ವರ್ಷದ ಚಂಡಮಾರುತ ಅವರ ನೀರು ಪರೀಕ್ಷೆಯ ಪ್ರಯೋಗಾಲಯವನ್ನು ಕಿತ್ತುಕೊಂಡು ಹೋಗಿತ್ತು. ಕಡಲಂಚಿನ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿತ್ತು. ಯಾವ ಬಾವಿಯ ನೀರು ಕುಡಿಯಬಹುದು, ಯಾವುದು ಬೇಡ ಎಂದು ಅಳೆದು ಹೇಳುವವರಿರಲಿಲ್ಲ. ಪಕ್ಕದ ದೊಡ್ಡ ದ್ವೀಪ ದೇಶ ತನ್ನ ಇಬ್ಬರು ತಂತ್ರಜ್ಞರನ್ನು ಒಂದು ವರ್ಷಕ್ಕೆ ಕಳಿಸಲು ಒಪ್ಪಿತ್ತು. ಆ ದೇಶದ ಪರವಾಗಿ ಬಂದವರು ಐವತ್ತು ದಾಟಿದ, ಮೆಲುದನಿಯ ಎಂಜಿನಿಯರ್. ಅವಳೂ ಅವರೂ ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿರುವ ನಮ್ಮ ನೀರಿನ ವಿಭಾಗದಲ್ಲಿ ಎರಡು ವಾರ ಉಪಕರಣಗಳ ಬಳಕೆ ಕಲಿತು, ಕೊನೆಯ ಶುಕ್ರವಾರ ಕೆಲಸದ ಯೋಜನೆಗೆ ಸಹಿ ಹಾಕಿ ತಂತಮ್ಮ ವಿದೇಶಾಂಗ ಸಚಿವಾಲಯಕ್ಕೆ ಕಳಿಸಬೇಕಿತ್ತು. ಅದು ತಪ್ಪಿದರೆ ಮುಂದಿನ ಬಿರುಗಾಳಿಯ ಕಾಲದೊಳಗೆ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಇಬ್ಬರನ್ನೂ ನೋಡಿಕೊಳ್ಳುವ ಹೊಣೆ ನನ್ನದು. ಅಂದು ಆಗಲೇ ಬುಧವಾರ.

ನಾನು ಮಂಡ್ಯದವಳು. ಪಕ್ಕದ ರಾಜ್ಯಕ್ಕೆ ನೀರು ಬಿಟ್ಟರೆಂದರೆ ನಮಗೆ ಶಾಲೆಗೆ ರಜೆ, ಹೆದ್ದಾರಿಯಲ್ಲಿ ಟೈರಿನ ಹೊಗೆ, ಪೊಲೀಸ್ ವ್ಯಾನು. ನೀರಿನ ವಿಷಯದಲ್ಲಿ ನೆರೆಹೊರೆ ಎಂದರೆ ನನ್ನ ತಲೆಯಲ್ಲಿ ಕೂತಿದ್ದು ಇಷ್ಟೇ. ಹಾಗಾಗಿ ಯಾರೂ ಕೇಳದಿದ್ದರೂ ಮೊದಲ ದಿನವೇ ಇವರಿಬ್ಬರ ನಡುವೆ ಬೇಲಿ ಹಾಕಿಬಿಟ್ಟೆ. ಅವಳಿಗೆ ಬೆಳಿಗ್ಗೆ ಲ್ಯಾಬು, ಅವರಿಗೆ ಮಧ್ಯಾಹ್ನ. ಇಡೀ ವಿಭಾಗ ಒಟ್ಟಿಗೆ ಕಾಫಿಗೆ ಸೇರುವ ಫೀಕಾ ಹೊತ್ತಿನಲ್ಲೂ ಅವಳನ್ನು ಕಿಟಕಿಯ ಬಳಿ, ಅವರನ್ನು ಸಿಂಕಿನ ಬಳಿ ಕೂರಿಸಿ, ನಡುವೆ ನಾನು ಬನ್ನಿನ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಯೋಜನೆಯ ಮಾತನ್ನೂ ಒಬ್ಬೊಬ್ಬರೊಂದಿಗೆ ಬೇರೆಬೇರೆಯಾಗಿಯೇ ಆಡಿದೆ. ಸಭೆಗೆ ಮುನ್ನ ಹೀಗೆ ಒಬ್ಬೊಬ್ಬರನ್ನೇ ಕಂಡು ಮಾತಾಡಿಕೊಳ್ಳುವುದು ಇಲ್ಲಿನ ವಾಡಿಕೆ, ಆದ್ದರಿಂದ ನಮ್ಮ ಪ್ರೊಫೆಸರಿಗೂ ಅನುಮಾನ ಬರಲಿಲ್ಲ. ಜಗಳವಿಲ್ಲದೆ ಇಷ್ಟು ದಿನ ಕಳೆಯಿತಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

"ಅವರಿಗೆ ಮನಸ್ಸಿಲ್ಲ ಅಂತ ಯಾರು ಹೇಳಿದ್ರು?" ಎಂದು ಕೇಳಿದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಯಾರೂ ಹೇಳ್ಲಿಲ್ಲ. ಹತ್ತು ದಿನ ಒಂದೇ ಕಟ್ಟಡದಲ್ಲಿದ್ರೂ ನನ್ನ ಜೊತೆ ಒಂದು ಕಪ್ ಕಾಫಿ ಕುಡೀಲಿಲ್ಲ. ಇನ್ನೇನು ಹೇಳ್ಬೇಕು?"

ಎಂಥ ಕೆಲಸ ಮಾಡಿಬಿಟ್ಟೆ! ಒಂದು ಊರಿನ ಕುಡಿಯುವ ನೀರಿಗೆ ನಾನು ಬನ್ನಿನ ತಟ್ಟೆ ಹಿಡಿದುಕೊಂಡೇ ಕಲ್ಲು ಹಾಕಿದ್ದೆ. ಅವಳ ಕೈ ಹಿಡಿದು ಆ ಹಿರಿಯ ಎಂಜಿನಿಯರರ ಕೋಣೆಗೆ ಎಳೆದುಕೊಂಡು ಹೋದೆ. ಪತ್ರವನ್ನು ಓದಿದ ಆ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೇ ನನ್ನ ಜೊತೆ ಕೂರೋಕೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ನಿಮ್ಮಲ್ಲಿಗೆ ಬರೋ ಇಬ್ಬರು ತಂತ್ರಜ್ಞರಲ್ಲಿ ಒಬ್ಬ ನಾನೇ. ನಿಮ್ಮೂರಲ್ಲಿ ಬಾಡಿಗೆ ಮನೇನೂ ನೋಡಿಟ್ಟಿದೀನಿ" ಎಂದರು ಅವಳಿಗೆ.

ತಪ್ಪು ನನ್ನದೆಂದು ಒಪ್ಪಿಕೊಂಡೆ. ಕಾವೇರಿ, ಬಂದ್, ಟೈರು, ಪೊಲೀಸರು, ಎಲ್ಲವನ್ನೂ ಹೇಳಿದೆ. ಅವರು ಗದರಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಮ್ಮಲ್ಲೂ ಜಗಳ ಇದೆ. ಸಮುದ್ರದ ಗಡಿ, ಮೀನು ಹಿಡಿಯೋ ಹಕ್ಕು, ಅದಕ್ಕೆ ವಕೀಲರು ಇದ್ದಾರೆ. ಅವರು ಆ ಕೆಲಸ ಮಾಡ್ತಾರೆ, ನಾವು ಬಾವಿ ನೋಡ್ಕೋತೀವಿ" ಎಂದರು ಹಿರಿಯರು.

ಅವಳು ತಲೆಯಾಡಿಸಿ, "ಹೋದ್ಸಲ ಗಾಳಿ ಬಂದಾಗ ಮೊದಲು ಬಂದಿದ್ದು ಇವರ ದೋಣಿಗಳೇ" ಎಂದಳು. ಜಗಳವನ್ನೂ ಕೆಲಸವನ್ನೂ ಹೀಗೆ ಬೇರೆಬೇರೆ ಇಡಬಹುದೆಂದು ನೀರನ್ನೇ ಓದಿದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಪತ್ರವನ್ನು ಅವಳು ಅಲ್ಲೇ ಹರಿದಳು. ಮುಂದಿನ ಎರಡು ದಿನ ಇಬ್ಬರೂ ಒಂದೇ ಮೇಜಿಗೆ ಕೂತು ಬಾವಿಗಳ ಪಟ್ಟಿ ಮಾಡಿದರು, ಶುಕ್ರವಾರ ಸಹಿಯೂ ಆಯಿತು. ಹೊರಡುವ ಮುನ್ನ ಹಿರಿಯರು ಸುಮ್ಮನೆ ಕೇಳುವಂತೆ ಕೇಳಿದರು: "ನಿಮ್ಮ ನದಿಯ ಆ ಕಡೆಯವರು ಈ ಊರಲ್ಲಿ ಯಾರೂ ಇಲ್ವಾ?"

ಇದ್ದರು. ಒಬ್ಬರು, ನನ್ನ ಪಕ್ಕದ ಕೋಣೆಯಲ್ಲೇ. ತಂಜಾವೂರಿನವರು, ಬೆಂಗಳೂರಿನಲ್ಲಿ ಓದಿ ನನಗಿಂತ ಚೆನ್ನಾಗಿ ಕನ್ನಡ ಮಾತಾಡುವವರು, ನದೀಮುಖದ ಅಂತರ್ಜಲದ ಸಂಶೋಧಕರು. ನಾಲ್ಕು ವರ್ಷದಲ್ಲಿ ಇಡ್ಲಿ ಅಕ್ಕಿ ಎಲ್ಲಿ ಸಿಗುತ್ತದೆ, ಪರ್ಸೊನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಬರಲು ಎಷ್ಟು ದಿನ ಬೇಕು, ಮಕ್ಕಳ ದಾಗಿಸ್ ಎಂಬ ಶಿಶುವಿಹಾರದಲ್ಲಿ ಜ್ವರ ಹಬ್ಬಿದೆಯಂತೆ ಎಂದೆಲ್ಲ ಹರಟಿದ್ದೇವೆ. ನೀರಿನ ಬಗ್ಗೆ ಮಾತ್ರ ಒಂದು ಮಾತೂ ಆಡಿಲ್ಲ. ಇಬ್ಬರ ಕಸುಬೂ ನೀರೇ!

ಸೋಮವಾರ ಅವರ ಬಾಗಿಲು ತಟ್ಟಿದೆ. ಮಳೆ ಅಳತೆಯ ನನ್ನ ಕಡತ ಕಂಕುಳಲ್ಲಿತ್ತು.

"ಏನ್ರೀ, ಇವತ್ತೂ ಅಕ್ಕಿ ಮುಗೀತಾ?" ಎಂದರು ನಗುತ್ತಾ.

"ಅಕ್ಕಿ ಅಲ್ಲ, ಕಾವೇರಿ" ಎಂದೆ.

ಅವರ ನಗು ನಿಂತಿತು. ಎದ್ದು ಬಂದು, ಸದಾ ತೆರೆದೇ ಇರುತ್ತಿದ್ದ ಬಾಗಿಲನ್ನು ಮುಚ್ಚಿದರು. ಇಷ್ಟು ದಿನ ಅದು ಮರೆಮಾಡಿದ್ದ ಗೋಡೆಯಲ್ಲಿ ತಲಕಾವೇರಿಯಿಂದ ಕಡಲಿನವರೆಗೆ ಇಡೀ ನದಿಯ ನಕ್ಷೆ ತೂಗುತ್ತಿತ್ತು.

"ನೀವು ಮಂಡ್ಯದವರು ಅಂತ ಮೊದಲ ದಿನವೇ ಗೊತ್ತಾಯ್ತು. ಅವತ್ತೇ ಇದನ್ನ ನಿಮ್ಮ ಕಣ್ಣಿಗೆ ಬೀಳದ ಹಾಗೆ ಇಲ್ಲಿಗೆ ತಂದು ಹಾಕ್ದೆ ಕಣ್ರೀ" ಎಂದರು.