ಬ್ರೇಕಣ್ಣ ನಗುತ್ತಿದ್ದ ಸಿನಿಮಾಗಳು

ನನ್ನ ಗೆಳೆಯನನ್ನು ಎಲ್ಲರೂ ಬ್ರೇಕಣ್ಣ ಎನ್ನುತ್ತಿದ್ದರು. ಲಿಫ್ಟ್ ರಿಪೇರಿ ಅವನ ಕೆಲಸ. ಎರಡು ಮಹಡಿಗಳ ನಡುವೆ ಲಿಫ್ಟು ನಿಂತು, ಒಳಗಿದ್ದವರು ಬಾಗಿಲು ಗುದ್ದುತ್ತಿದ್ದರೆ, ಇವನು ಹೊರಗೆ ಚಕ್ಕಂಬಕ್ಕಳ ಹಾಕಿ ಕೂತು, ಸಂದಿಗೆ ಬಾಯಿಟ್ಟು, "ನಿಂತ ಲಿಫ್ಟು ಬೀಳಲ್ಲಮ್ಮ. ನಿಂತಿದೆ ಅಂದ್ರೆ ಬ್ರೇಕು ಹಿಡ್ಕೊಂಡಿದೆ ಅಂತಾನೇ ಅರ್ಥ. ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಿದ್ದ. ಒಳಗಿನವರು ಕೂರುತ್ತಿರಲಿಲ್ಲ, ಬಯ್ಯುತ್ತಿದ್ದರು. ಅದನ್ನೂ ಪೂರ್ತಿ ಕೇಳಿಸಿಕೊಂಡು ಅವನು ಮೇಲಿನ ಮೆಷಿನ್ ರೂಮಿಗೆ ಹತ್ತುತ್ತಿದ್ದ.

ಇಂಥವನು ಮರುಳಾಗಿದ್ದು ಗಾಂಜಾ ಸೇದುವವರ ತಮಾಷೆ ಸಿನಿಮಾಗಳಿಗೆ. ಭಾನುವಾರ ಮಧ್ಯಾಹ್ನ ಅವನ ಹೆಂಡತಿ, ತಾನು ಹೊಲಿದ ಪರದೆಗಳನ್ನು ಗಿರಾಕಿಗಳ ಮನೆಗೆ ಹೋಗಿ ಇಳಿಬಿಟ್ಟು ಬರುತ್ತಿದ್ದರು. ಆ ಹೊತ್ತಿಗೆ ನಾನು ಅವನ ಮನೆಯಲ್ಲಿ ಹಾಜರ್. ಕತೆಗಳೆಲ್ಲ ಹೆಚ್ಚುಕಮ್ಮಿ ಒಂದೇ. ಇಬ್ಬರು ಗೆಳೆಯರು ಯಾವುದೋ ಸಣ್ಣ ಕೆಲಸಕ್ಕೆ ಹೊರಡುತ್ತಾರೆ, ಹೊಗೆ ಎಳೆಯುತ್ತಾರೆ, ಹೊರಟಿದ್ದು ಯಾಕೆಂದು ಮರೆಯುತ್ತಾರೆ. ಒಂದರಲ್ಲಿ ಅವರು ತಂಗಿಯ ಮನೆಗೆ ಸೋಫಾ ಹೊತ್ತುಕೊಂಡು ಹೋಗುತ್ತಾ ಪ್ರತಿ ಬೀದಿ ತಿರುವಿನಲ್ಲೂ ಅದನ್ನು ಇಳಿಸಿ ಅದರ ಮೇಲೇ ಕೂರುತ್ತಾರೆ. ಬ್ರೇಕಣ್ಣ ಜೋಕಿಗೆ ನಗುತ್ತಿರಲಿಲ್ಲ. ಒಬ್ಬ ಏನೋ ಕೇಳಿ, ಇನ್ನೊಬ್ಬ ಉತ್ತರಿಸದೆ ಗೋಡೆ ನೋಡುತ್ತಾ ಕೂರುವ ಉದ್ದನೆಯ ಮೌನಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನೋ ಬೀಡಿ ಮುಟ್ಟಿದವನಲ್ಲ, ಟೀ ಕೂಡ ಅರ್ಧ ಲೋಟ.

"ಇದರಲ್ಲಿ ನಿನಗೆ ಕಾಣೋದಾದ್ರೂ ಏನೋ?" ಎಂದು ಕೇಳಿದ್ದೆ.

"ನಿಂಗೆ ಎಲ್ಲದಕ್ಕೂ ಅಡಿಟಿಪ್ಪಣಿ ಬೇಕು, ಪಂಡಿತ. ಸುಮ್ನೆ ನೋಡು" ಎಂದಿದ್ದ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಅವನ ಬಾಯಲ್ಲಿ ಪಂಡಿತ.

ಹೋದ ತಿಂಗಳು, ಕೆಲಸಕ್ಕೆ ಹೊರಡಲು ಶೂ ಕಟ್ಟಿಕೊಳ್ಳುತ್ತಾ ಬಗ್ಗಿದವನು ಮೇಲೇಳಲಿಲ್ಲ. ಹೃದಯ ಎಂದರು ಡಾಕ್ಟರು.

ಮೊನ್ನೆ ಅವನ ಹೆಂಡತಿ ಫೋನ್ ಮಾಡಿ ಕರೆದರು. ನಾನು ಅವರನ್ನು ತಂಗ್ಯಮ್ಮ ಎಂದೇ ಕರೆಯುವುದು. ಅಡುಗೆಮನೆಯ ಮೇಜಿನ ಮೇಲೆ ಅವನ ಟೂಲ್ ಬ್ಯಾಗು, ಪಕ್ಕದಲ್ಲಿ ಅದರಿಂದ ತೆಗೆದಿಟ್ಟ ಒಂದು ಚಪ್ಪಟೆ ಡಬ್ಬಿ. ಒಳಗೆ ಒಣಗಿ ಪುಡಿಯಾದ ಹಸಿರು ಎಲೆ.

"ಇದೇನು ಹೇಳಿ ಅಣ್ಣಾ."

"ಎಲೆ ಇದ್ದಂಗಿದೆ."

"ಎಲೆ ಅಂತ ನಂಗೂ ಕಾಣುತ್ತೆ. ಯಾವ ಎಲೆ?"

ಮೂಸಿದೆ. ಗ್ರೀಸಿನ ವಾಸನೆ, ಅದರ ಕೆಳಗೆ ಹುಲ್ಲಿನಂಥದ್ದೇನೋ.

"ಅಷ್ಟೊಂದು ಸಿನಿಮಾ ನೋಡಿದ್ದೀರಿ, ಇಷ್ಟೂ ಗೊತ್ತಾಗಲ್ವಾ?"

"ಸಿನಿಮಾದಲ್ಲಿ ವಾಸನೆ ಬರಲ್ವಲ್ಲ ತಂಗ್ಯಮ್ಮ."

ಅವರು ನಗಲಿಲ್ಲ. ಅವರ ತಂದೆ ಕುಡಿದು ಸಂಸಾರವನ್ನು ಬೀದಿಗೆ ತಂದವರು. ಮದುವೆಗೆ ಮುಂಚೆ ತಂಗ್ಯಮ್ಮ ಬ್ರೇಕಣ್ಣನನ್ನು ಕೇಳಿದ್ದು ಒಂದೇ ಪ್ರಶ್ನೆ: ಏನಾದರೂ ಅಭ್ಯಾಸ ಇದೆಯಾ? ಇಲ್ಲ ಎಂದಿದ್ದ. ಆ ಒಂದು ಮಾತಿನ ಮೇಲೆ ಆಕೆ ಇಷ್ಟು ವರ್ಷ ಸಂಸಾರ ಮಾಡಿದ್ದರು. ಈಗ ಆ ಮಾತು ನಿಜವೋ ಸುಳ್ಳೋ ತಿಳಿಯಬೇಕಿತ್ತು.

"ಲಿಫ್ಟಿನ ಕೆಳಗಿನ ಗುಂಡಿಲಿ ಸಿಕ್ಕಿರಬೇಕು. ಜನರ ಕೈಯಿಂದ ಏನೇನೋ ಸಂದಿಗೆ ಬೀಳುತ್ತೆ. ಬೀಗದ ಕೈ, ಕಿವಿ ಓಲೆ ಎಲ್ಲ ಎತ್ತಿಟ್ಟು ವಾಪಸ್ ಕೊಡ್ತಿದ್ದ" ಎಂದೆ.

"ವಾಪಸ್ ಕೊಡೋರು ಇದನ್ಯಾಕೆ ಇಟ್ಕೊಂಡ್ರು?"

"ಇದನ್ನ ನಂದು ಅಂತ ಯಾರು ಬರ್ತಾರೆ?"

"ಹಾಗಾದ್ರೆ ಆ ಸಿನಿಮಾ ಯಾಕೆ ನೋಡ್ತಿದ್ರು?"

ನನಗೆ ತೋಚಿದ್ದನ್ನು ಹೇಳಿದೆ. ಇಡೀ ವಾರ ಅವನು ಸಿಕ್ಕಿಕೊಂಡು ಕೂಗುವವರ ನಡುವೆ ಇರುತ್ತಿದ್ದ. ಆ ಸಿನಿಮಾಗಳಲ್ಲಿ ಸಿಕ್ಕಿಕೊಂಡವರು ಬೆಲ್ ಒತ್ತುವುದೇ ಇಲ್ಲ, ಇದ್ದಲ್ಲೇ ಸುಖವಾಗಿರುತ್ತಾರೆ. ಅವನಿಗೆ ಅದೇ ವಿಶ್ರಾಂತಿಯಾಗಿದ್ದೀತು.

"ಅವರಿಗೆ ಕೂಗೋರೇ ಇಷ್ಟ. ರಜಾ ದಿನ ಫೋನ್ ಬರದಿದ್ರೆ ಸಪ್ಪಗಾಗೋರು. ನೀವು ಬರೀ ಪುಸ್ತಕದ ಮಾತಾಡ್ತೀರಿ" ಎಂದರು ತಂಗ್ಯಮ್ಮ.

ಅದೂ ನಿಜವೇ. ಡಬ್ಬಿಯನ್ನು ನನ್ನತ್ತ ಎಳೆದುಕೊಂಡೆ.

"ಯಾರಿಗಾದ್ರೂ ತೋರಿಸೋಣವಾ?"

"ಯಾರಿಗೆ? ಪೊಲೀಸ್ ಸ್ಟೇಷನ್ನಿಗೆ ಹಿಡ್ಕೊಂಡು ಹೋಗ್ತೀರಾ? ನೀವೇ ಸೇದಿ ನೋಡಿ."

ನನ್ನ ಬದುಕಿನಲ್ಲಿ ನಾನು ಎಳೆದ ಹೊಗೆ ಬಸ್ಸಿನದು ಮಾತ್ರ. ಸುರುಳಿ ಸುತ್ತುವುದನ್ನು ತೆರೆಯ ಮೇಲೆ ಸಾಕಷ್ಟು ಸಲ ನೋಡಿದ್ದೆನಾದ್ದರಿಂದ ಧೈರ್ಯ ಮಾಡಿದೆ. ತಂಗ್ಯಮ್ಮ ಹೊಲಿಗೆಗೆ ಅಳತೆ ಹಾಕುವ ತೆಳು ಕಾಗದ ಕತ್ತರಿಸಿ ಕೊಟ್ಟರು. ಅಂಚಿಗೆ ಎಂಜಲು ಸವರಿ ಸುತ್ತಿದೆ, ಬಿಚ್ಚಿಕೊಂಡಿತು. ಅವರು ಸೂಜಿ ದಾರ ತಂದು ಎರಡು ಹೊಲಿಗೆ ಹಾಕಿಕೊಟ್ಟರು. ಬೆಂಕಿ ಕಡ್ಡಿ ಹಿಡಿದದ್ದೇ ಕಾಗದ ಭಗ್ಗೆಂದು ಹೊತ್ತಿತು. ನನ್ನ ಮೀಸೆ ಉಳಿದದ್ದೇ ಹೆಚ್ಚು. ಅದನ್ನು ತಟ್ಟೆಗೆ ಎಸೆದೆ. ಪಕ್ಕದವರಿಗೆ ವಾಸನೆ ಹೋಗಬಾರದೆಂದು ತಂಗ್ಯಮ್ಮ ಕಿಟಕಿ ಮುಚ್ಚಿದರು. ಎಲೆ ತಟ್ಟೆಯಲ್ಲೇ ಹೊಗೆಯಾಡಿತು. ಇಬ್ಬರೂ ಕೆಮ್ಮುತ್ತಾ ಕಾದು ಕೂತೆವು.

"ಏನಾದ್ರೂ ಆಗ್ತಿದ್ಯಾ?"

"ಕಣ್ಣು ಉರೀತಿದೆ."

"ಅದು ಹೊಗೆಗೆ. ಬೇರೆ?"

"ಸಿನಿಮಾದಲ್ಲಿ ಮೊದಲು ಹಸಿವಾಗುತ್ತೆ."

ತಂಗ್ಯಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ನಂಗೆ ಹಸಿವಾಗ್ತಿದೆ. ಅವರು ಹೋದ್ಮೇಲೆ ಇವತ್ತೇ ಮೊದಲು. ಇದಕ್ಕಾ?"

"ಗೊತ್ತಿಲ್ಲ. ಬೆಳಗ್ಗೆ ಏನು ತಿಂದ್ರಿ?"

"ಏನೂ ಇಲ್ಲ."

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಎಷ್ಟು ಹೊತ್ತೋ ತಿಳಿಯದು. ನಾನು ನಲ್ಲಿಯನ್ನು ನೋಡುತ್ತಿದ್ದೆ.

"ಏನಂದ್ರಿ?" ಎಂದರು ತಂಗ್ಯಮ್ಮ.

"ನಾನೇನೂ ಅನ್ಲಿಲ್ಲ."

ಅವರು ನನ್ನನ್ನು ನೋಡಿದರು, ನಾನು ಅವರನ್ನು. ಮೊದಲು ಅವರ ಭುಜ ಅಲುಗಿತು. ಆಮೇಲೆ ಇಬ್ಬರೂ ನಕ್ಕೆವು, ಮೇಜು ಹಿಡಿದುಕೊಂಡು, ನಿಲ್ಲಿಸಲಾರದೆ. ನಡುವೆ ಅವರು ಅಳುತ್ತಿದ್ದಾರೆ ಅನ್ನಿಸಿತು; ನನ್ನ ಕೆನ್ನೆಯೂ ಒದ್ದೆಯಾಗಿತ್ತು. ಇದು ಎಲೆಯ ನಗುವೋ, ಎಷ್ಟೋ ದಿನದಿಂದ ನಗದವರ ನಗುವೋ, ನನಗೆ ಈಗಲೂ ತಿಳಿದಿಲ್ಲ. ಅವನು ನಗುತ್ತಿದ್ದುದು ಇದಕ್ಕೇ ಇರಬಹುದೆಂದು ಒಂದು ಗಳಿಗೆ ಹೊಳೆಯಿತು.

"ನಕ್ಕು ಪರೀಕ್ಷೆ ಕೆಡಿಸಿಬಿಟ್ವಿ" ಎಂದರು ತಂಗ್ಯಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

"ಡಬ್ಬೀಲಿ ಇನ್ನೂ ಇದೆ. ನಗದೇ ಇನ್ನೊಂದ್ಸಲ ನೋಡೋಣವಾ?"

ಅವರು ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಒಪ್ಪುತ್ತಾರೇನೋ ಅಂದುಕೊಂಡೆ.

"ಅವತ್ತು ಅವರು ಅಭ್ಯಾಸ ಇಲ್ಲ ಅಂದಾಗ ನಾನೇನು ಬಾಯಿ ಮೂಸಿ ನೋಡಿದ್ನಾ?" ಎಂದರು. "ಇವತ್ತು ನಿಮ್ಮ ಕೈಲಿ ಮೂಸಿಸ್ತಾ ಕೂತಿದ್ದೀನಿ."

ಎದ್ದು ಹೋಗಿ ಉಳಿದ ಎಲೆಯನ್ನೆಲ್ಲ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದರು. ಕೊನೆಯ ಚೂರು ಇಳಿಯದೆ ಜಾಲರಿಗೆ ಅಂಟಿಕೊಂಡಿತು. ಬೆರಳಿನಿಂದ ಒತ್ತಿ ಕಳಿಸಿದರು, ಬೆರಳನ್ನು ಮೂಗಿನ ಹತ್ತಿರ ತಂದರು, ಮೂಸದೆ ಸೋಪು ಹಚ್ಚಿ ತೊಳೆದುಕೊಂಡರು.

"ಕಿಟಕಿ ತೆಗೀರಿ ಅಣ್ಣಾ. ಊಟಕ್ಕೆ ಏನಾದ್ರೂ ಮಾಡ್ತೀನಿ."